ಕಂಬಳಿಗೆ ಕೇಳಿಸಿದ್ದು

"ಕತ್ತರಿ ಕೆಳಗಿಡು," ಎಂದಳು ಅಕ್ಕ. ಹೇಳಿದ್ದು ಮೂರನೆಯ ಸಲ.

"ಕೆಳಗಿಟ್ಟು ಏನ್ಮಾಡ್ಲಿ? ಇದು ಕೂದಲಲ್ಲ ಅಕ್ಕಾ, ಕಂಬಳಿ. ಪೂರ್ತಿ ಬೋಳಿಸಿಬಿಡೋಣ, ನಾಲ್ಕು ತಿಂಗಳಲ್ಲಿ ಹೊಸದು ಬರುತ್ತೆ. ಒಂದೊಂದೇ ಗಂಟು ಬಿಡಿಸ್ತಾ ಕೂತ್ರೆ ಅಷ್ಟರಲ್ಲಿ ನನ್ನ ಮದುವೇನೇ ಮುಗಿದುಹೋಗಿರುತ್ತೆ."

ಮೇಜಿನ ಮೇಲೆ ನಿಂತಿದ್ದ ಪ್ರಾಣಿಗೆ ತಲೆ ಯಾವ ಕಡೆ, ಬಾಲ ಯಾವ ಕಡೆ ಎಂದು ಮೊದಲ ನೋಟಕ್ಕೆ ತಿಳಿಯುತ್ತಿರಲಿಲ್ಲ. ತಂಗಿ ಒಂದು ತುದಿಗೆ ಬಿಸ್ಕತ್ತು ಹಿಡಿದು ನೋಡಿದಳು. ಅಲ್ಲಿಂದ ಏನೂ ಉತ್ತರ ಬಾರದಿದ್ದಾಗ ಇನ್ನೊಂದು ತುದಿಗೆ ಹೋದಳು. ಅಲ್ಲಿ ಜಡೆಗಟ್ಟಿದ ಕೂದಲಿನೊಳಗಿಂದ ಒಂದು ಕಪ್ಪು ಮೂಗು ಮೆಲ್ಲನೆ ಹೊರಬಂದು, ಬಿಸ್ಕತ್ತನ್ನು ಮೂಸಿ, ಬೇಡವೆಂದು ಒಳಗೆ ಹೋಯಿತು.

ನಾಯಿಯನ್ನು ತಂದವರು ಬಾಗಿಲಲ್ಲೇ ನಿಂತಿದ್ದರು. ಎರಡು ಬೀದಿ ಆಚೆ ಗಡಿಯಾರ ರಿಪೇರಿ ಮಾಡುವವರು. ಎರಡೂವರೆ ತಿಂಗಳು ಆಸ್ಪತ್ರೆಯಲ್ಲಿ ಮಲಗಿ ಎದ್ದು ಬಂದಿದ್ದರು. ತಮ್ಮದೇ ಅಂಗಿ ತೊಟ್ಟಿದ್ದರೂ ಯಾರದೋ ಅಂಗಿಯೊಳಗೆ ನಿಂತಂತೆ ಕಾಣುತ್ತಿದ್ದರು. ಅಷ್ಟು ದಿನವೂ ಪಕ್ಕದ ಮನೆಯವರು ಹೊತ್ತುಹೊತ್ತಿಗೆ ಊಟ ಇಟ್ಟಿದ್ದರಂತೆ. ಆದರೆ ಮೈ ಮುಟ್ಟುವುದಕ್ಕೆ ಅದು ಯಾರನ್ನೂ ಬಿಟ್ಟಿರಲಿಲ್ಲ.

"ಬೋಳಿಸಿದ್ರೂ ಪರವಾಗಿಲ್ಲಮ್ಮ," ಎಂದರು ಅವರು. "ಆದ್ರೆ ಗುರುತು ಸಿಗಲ್ವೇನೋ ಅಂತ."

"ಯಾರಿಗೆ?"

"ಅದಕ್ಕೇ. ಈಗಾಗ್ಲೇ ಎಲ್ಲಾ ಬದಲಾಗಿದೆ. ತನ್ನ ಮೈನಾದ್ರೂ ತನಗೆ ಗೊತ್ತಾಗ್ಲಿ."

ಅಕ್ಕ ಅವರನ್ನು ಒಂದು ಗಳಿಗೆ ನೋಡಿದಳು. ಆಮೇಲೆ ತಂಗಿಯ ಕೈಯಿಂದ ಕತ್ತರಿ ತೆಗೆದು ಗೂಡಿನಲ್ಲಿಟ್ಟಳು. ಅಲ್ಲಿಗೆ ಆ ಮಾತು ಮುಗಿಯಿತು. ನಾಯಿಗಳಿಗೆ ಸ್ನಾನ ಮಾಡಿಸಿ, ಬಾಚಿ, ಪಾಠ ಹೇಳಿಕೊಡುವ ಆ ಅಂಗಡಿಯಲ್ಲಿ ಸ್ನಾನದ ತೊಟ್ಟಿ ತಂಗಿಯದು, ಬಾಚಣಿಗೆ ಅಕ್ಕನದು. ಬೀದಿಯವರು ಅವಳನ್ನು ಕರೆಯುತ್ತಿದ್ದದ್ದೂ ಬಾಚಣಿಗೆ ಅಕ್ಕ ಎಂದೇ.

ಆದರೆ ಗಡಿಯಾರದವರು ಬಂದದ್ದು ಬರೀ ಕೂದಲಿಗಾಗಿ ಅಲ್ಲ. ಕೈ ನಡುಗುತ್ತಿದೆ, ಸಣ್ಣ ತಿರುಪು ಹಿಡಿಯಲು ಆಗುತ್ತಿಲ್ಲ, ಅಂಗಡಿ ಮುಚ್ಚಿ ಮಗಳ ಮನೆಗೆ ಹೋಗುತ್ತಿದ್ದಾರೆ. ಮಗಳ ಮನೆಯಲ್ಲಿ ಅಂಬೆಗಾಲಿಡುವ ಮಗುವಿದೆ. ನಾಯಿ ಬೇಡ ಎಂದು ಅವಳು ಅಂದಿಲ್ಲ, ಪಾಪ. ಹೇಳಿದ ಮಾತು ಕೇಳುವ ನಾಯಿಯಾದರೆ ಬರಲಿ ಎಂದಿದ್ದಾಳೆ. ಕೂತ್ಕೋ ಅಂದರೆ ಕೂರಬೇಕು. ಅಷ್ಟೇ ಷರತ್ತು.

"ಐದು ವಾರ ಬೇಕು," ಎಂದಳು ಅಕ್ಕ. "ಅಷ್ಟು ದಿನ ನೀವು ಈ ಕಡೆ ಬರಬಾರದು. ಬಂದ್ರೆ ಅದು ನಿಮ್ಮ ದಾರೀನೇ ಕಾಯುತ್ತೆ, ಪಾಠ ತಲೆಗೆ ಹೋಗಲ್ಲ."

"ಕಲೀಲಿಲ್ಲ ಅಂದ್ರೆ?" ಎಂದು ತಾವೇ ಕೇಳಿದರು. ನಾಯಿಯ ಕಿವಿಯ ಹಿಂದೆ ಆಗಲೇ ಹೂತುಹೋಗಿದ್ದ ಅವಳ ಬೆರಳುಗಳನ್ನು ನೋಡಿ ತಾವೇ ಹೇಳಿದರು. "ಕಲೀಲಿಲ್ಲ ಅಂದ್ರೆ ನೀವೇ ಇಟ್ಕೊಳಿ. ಬೇರೆ ಕಡೆ ಕೊಡೋಕೆ ನನಗೆ ಮನಸ್ಸು ಬರಲ್ಲ."

ಅವರು ಹೋದ ಮೇಲೆ ನಾಯಿ ಬಾಗಿಲ ಕಡೆಗೆ ತಿರುಗಿ ತುಂಬ ಹೊತ್ತು ನಿಂತಿತು. ಬಹುಶಃ ಬಾಗಿಲ ಕಡೆಗೇ, ಕೂದಲಿನಡಿ ಅದರ ಕಣ್ಣು ಕಾಣುತ್ತಿರಲಿಲ್ಲವಲ್ಲ. ತಂಗಿ ಅದಕ್ಕೆ ಅಲ್ಲೇ ಕಂಬಳಿ ಎಂದು ಹೆಸರಿಟ್ಟಳು.

ನಾಯಿಗಳಿಗೆ ಪಾಠ ಹೇಳುವವರಿಗೆ ಒಂದು ಶಾಪವಿದೆ. ಅಂಗಡಿಗೆ ಬಂದವರೆಲ್ಲ ನಾಯಿಯ ಬಾಲ ಡೊಂಕು ಎನ್ನುವ ಗಾದೆಯನ್ನು ಆಗಷ್ಟೇ ತಾವೇ ಕಂಡುಹಿಡಿದವರ ಹಾಗೆ ಹೇಳಿ, ನಕ್ಕು, ಅಕ್ಕನೂ ನಗಲೆಂದು ಕಾಯುತ್ತಾರೆ. ಅಕ್ಕ ಇಪ್ಪತ್ತೆರಡು ವರ್ಷದಿಂದ ನಗುತ್ತಿದ್ದಳು. ಬಾಲದ ಸುದ್ದಿ ಅವಳಿಗೆ ಬೇಕಿರಲಿಲ್ಲ. ಅವಳು ಶುರುಮಾಡುತ್ತಿದ್ದದ್ದು ಕೂದಲಿನಿಂದ. ಮೈಯಲ್ಲಿ ಗಂಟಿರುವ ನಾಯಿಗೆ ಹೆಜ್ಜೆಹೆಜ್ಜೆಗೂ ಚರ್ಮ ಎಳೆಯುತ್ತಿರುತ್ತದೆ; ಯಾರೋ ಸದಾ ಜುಟ್ಟು ಹಿಡಿದು ಜಗ್ಗುತ್ತಿರುವಾಗ ಯಾವ ಪಾಠ ತಲೆಗೆ ಹತ್ತುತ್ತದೆ? ಮೊದಲು ಗಂಟು, ಆಮೇಲೆ ಬುದ್ಧಿ. ಇದು ಅವಳ ಶಾಸ್ತ್ರ.

ಹೀಗೆ ಮಧ್ಯಾಹ್ನಗಳು ಶುರುವಾದವು. ಊಟದ ನಂತರ ಅಂಗಡಿಗೆ ಯಾರೂ ಬರುವುದಿಲ್ಲ. ಹಿಂದಿನ ಗೋಡೆಯ ಎತ್ತರದ ಕಿಟಕಿಯಿಂದ ಬಿಸಿಲು ಓರೆಯಾಗಿ ಇಳಿದು ಮೇಜಿನ ಅರ್ಧಕ್ಕೆ ಬಂದು ನಿಲ್ಲುತ್ತಿತ್ತು. ಆ ಬಿಸಿಲಿನಲ್ಲಿ ನಾಯಿಗಳ ಕೂದಲೆಳೆಗಳು ಮೇಲೂ ಹೋಗದೆ ಕೆಳಗೂ ಬೀಳದೆ ತೇಲುತ್ತಿದ್ದವು. ಅಕ್ಕ ನಾಯಿಯ ಕಾಲಿನ ತುದಿಯಿಂದ ಶುರುಮಾಡುತ್ತಿದ್ದಳು. ಎಡಗೈ ತುಂಬ ಕೂದಲನ್ನು ಮೇಲಕ್ಕೆತ್ತಿ, ಕೆಳಗಿನ ಒಂದು ಸಾಲನ್ನು ಮಾತ್ರ ಬಿಟ್ಟು, ಬುಡವನ್ನು ಗಟ್ಟಿಯಾಗಿ ಹಿಡಿದು, ತುದಿಯಿಂದ ಒಳಕ್ಕೆ ಬಾಚುವುದು. ಗಂಟು ಬಂದರೆ ಎರಡು ಹನಿ ಎಣ್ಣೆ, ಬೆರಳಿನಿಂದ ಸೀಳುವುದು, ಮತ್ತೆ ಬಾಚುವುದು. ಒಂದು ಅಂಗೈ ಅಗಲ ಮುಗಿಯುವಷ್ಟರಲ್ಲಿ ಬಿಸಿಲು ಮೇಜು ದಾಟಿ ಗೋಡೆ ಹತ್ತಿರುತ್ತಿತ್ತು.

ಕೈ ತನ್ನ ಪಾಡಿಗೆ ಕೆಲಸ ಮಾಡುವಾಗ ಮನಸ್ಸು ಎಲ್ಲೆಲ್ಲಿಗೋ ಹೋಗಿ ಬರುತ್ತಿತ್ತು. ಎಷ್ಟೋ ಸಲ ಅಕ್ಕ ಬಾಚುತ್ತ ಬಾಚುತ್ತಲೇ ತೂಕಡಿಸುತ್ತಿದ್ದಳು. ಕನಸಿನಲ್ಲೂ ಬಾಚುತ್ತಲೇ ಇರುತ್ತಿದ್ದಳು: ಕೂದಲು ಮೇಜಿನಿಂದ ಇಳಿದು, ಹೊಸಿಲು ದಾಟಿ, ಬೀದಿಗುಂಟ ಬೆಳ್ಳಗೆ ಹರಿದು ಹೋಗುತ್ತಿತ್ತು, ಅವಳು ಅದರ ದಡದಲ್ಲಿ ಬರಿಗಾಲಲ್ಲಿ ನಡೆಯುತ್ತಿದ್ದಳು, ಯಾರೋ ಜೊತೆಗಿರುತ್ತಿದ್ದರು, ಯಾರೆಂದು ತಿರುಗಿ ನೋಡುವ ಅವಸರವೇ ಇರುತ್ತಿರಲಿಲ್ಲ. ಎಚ್ಚರವಾದಾಗ ಕಂಬಳಿಯ ಗದ್ದ ಅವಳ ಮುಂಗೈ ಮೇಲಿರುತ್ತಿತ್ತು. ಅವಳು ಕೈ ಜೋಮು ಹಿಡಿದರೂ ಕದಲುತ್ತಿರಲಿಲ್ಲ.

ಹನ್ನೊಂದನೆಯ ದಿನ ಹಣೆಯ ಗಂಟು ಬಿಟ್ಟುಕೊಂಡಿತು. ಒಳಗಿಂದ ಎರಡು ಕಂದು ಕಣ್ಣುಗಳು ಹೊರಬಂದು ಅವಳನ್ನು ನೋಡಿದವು.

"ಅಯ್ಯೋ, ಇಷ್ಟು ದಿನ ಎಲ್ಲಿಟ್ಟಿದ್ದೆ ಇವನ್ನ?" ಎಂದು ಅಕ್ಕ ಕೇಳಿದಳು. ಯಾರಿಗೂ ಕೇಳಿಸುವಷ್ಟು ಗಟ್ಟಿಯಾಗಿ ಅಲ್ಲ.

ಪಾಠ ಹೇಳುವುದರಲ್ಲೂ ಅವಳದ್ದೊಂದು ಪದ್ಧತಿಯಿತ್ತು. ನಿಂತುಕೊಂಡು ನಾಯಿಗೆ ಏನನ್ನೂ ಹೇಳುತ್ತಿರಲಿಲ್ಲ. ಮೇಲಿಂದ ಬಂದದ್ದು ಗದರಿಕೆ, ಪಕ್ಕದಿಂದ ಬಂದದ್ದು ಮಾತು ಎನ್ನುತ್ತಿದ್ದಳು. ಆದ್ದರಿಂದ ಪ್ರತಿ ಸಲವೂ ನಾಯಿಯ ಪಕ್ಕದಲ್ಲಿ ಒಂದು ಮಂಡಿಯೂರಿ, ಅದರ ಕಿವಿಯ ಎತ್ತರಕ್ಕೆ ಬಂದು, ಆಮೇಲೆ "ಕೂತ್ಕೋ" ಎನ್ನುತ್ತಿದ್ದಳು. ಐವತ್ತು ದಾಟಿದ ಹೆಂಗಸು ದಿನಕ್ಕೆ ನಲವತ್ತು ಸಲ ಮಂಡಿಯೂರಿ ಏಳುವುದನ್ನು ನೋಡಿ ತಂಗಿ, "ನಾಯಿ ಕಲಿಯುತ್ತೋ ಇಲ್ವೋ, ನೀನಂತೂ ಚೆನ್ನಾಗಿ ಕಲ್ತಿದ್ದೀಯ," ಎಂದು ನಗುತ್ತಿದ್ದಳು.

ಮೊದಲ ಎರಡು ವಾರ ಕಂಬಳಿ ಕಲ್ಲಿನಂತೆ ನಿಂತಿತು. ಮೂರನೆಯ ವಾರ, ಕಿವಿಯನ್ನು ಮುಚ್ಚಿದ್ದ ಗಂಟುಗಳೂ ಬಿಟ್ಟು ಕೂದಲು ರೇಷ್ಮೆಯಾಗಿ ನೆಲ ಮುಟ್ಟುವ ಹೊತ್ತಿಗೆ, ಒಂದು ಮಧ್ಯಾಹ್ನ ಅಕ್ಕ ಪಕ್ಕದಲ್ಲಿ ಮಂಡಿಯೂರಿದಳು, ಕಂಬಳಿ ಕೂತಿತು. ಮರುದಿನವೂ ಕೂತಿತು. ಆಮೇಲೆ ಅದು ತಪ್ಪಿದ್ದೇ ಇಲ್ಲ. ಕೂತು, ಕತ್ತೆತ್ತಿ, ತಲೆಯನ್ನು ಅವಳ ಕೈಕೆಳಗೆ ತಂದಿಡುತ್ತಿತ್ತು. ಕೊಟ್ಟ ಬಿಸ್ಕತ್ತನ್ನು ಮುಟ್ಟುತ್ತಿರಲಿಲ್ಲ, ಅದಕ್ಕೆ ಬೇಕಾದದ್ದು ಕೈ. ಇಂಥ ನಾಯಿ ಅವಳಿಗೆ ಇಷ್ಟು ವರ್ಷದಲ್ಲಿ ಸಿಕ್ಕಿರಲಿಲ್ಲ.

ಅವಳು ಯಾವತ್ತೂ ತನ್ನದೆಂದು ಒಂದು ನಾಯಿ ಸಾಕಿದವಳಲ್ಲ. ಬಂದದ್ದೆಲ್ಲ ಹೋಗುವಂಥವೇ, ಪ್ರೀತಿ ಹಂಚಿಹೋದರೆ ಸಾಕು ಎಂದುಕೊಂಡಿದ್ದಳು. ಮನೆಯಲ್ಲಿ ಮಾತಿಗೆ ತಂಗಿಯಿದ್ದಳು. ಬೇಕಾದ್ದಕ್ಕಿಂತ ಹೆಚ್ಚೇ ಮಾತು. ಈಗ ತಂಗಿಗೆ ನಲವತ್ತಾರನೆಯ ವಯಸ್ಸಿನಲ್ಲಿ ಒಬ್ಬ ಬಸ್ ಡ್ರೈವರ್ ಜೊತೆ ಮದುವೆ ಗೊತ್ತಾಗಿತ್ತು. ಮುಂದಿನ ತಿಂಗಳು ಊರಿನ ಆ ತುದಿಗೆ ಹೋಗುತ್ತಾಳೆ. ಅಕ್ಕನಿಗೆ ಸಂತೋಷವಾಗಿತ್ತು, ನಿಜವಾಗಿಯೂ ಆಗಿತ್ತು. ಆದರೆ ರಾತ್ರಿಯ ಊಟಕ್ಕೆ ಇನ್ನು ಒಂದೇ ತಟ್ಟೆ ಇಡಬೇಕಾಗುತ್ತದೆ.

ಗಡುವಿಗೆ ಎಂಟು ದಿನ ಇದ್ದಾಗ ತಂಗಿ ಗುಟ್ಟು ಕಂಡುಹಿಡಿದಳು.

ತೊಟ್ಟಿ ತೊಳೆಯುತ್ತಿದ್ದವಳು ತಮಾಷೆಗೆಂದು ಒದ್ದೆ ಕೈಯಲ್ಲೇ ಬಂದು, "ಕಂಬಳಿ, ಕೂತ್ಕೋ," ಎಂದಳು. ಅದು ನಿಂತೇ ಇತ್ತು. ಪಕ್ಕಕ್ಕೆ ಬಗ್ಗಿ ಹೇಳಿದಳು, ಮಂಡಿಯೂರಿ ಹೇಳಿದಳು, ಗೋಗರೆದಳು. ಕಂಬಳಿ ಬಾಲವನ್ನೇನೋ ಮರ್ಯಾದೆಗೆ ಎರಡು ಸಲ ಆಡಿಸಿತು.

"ನಿನ್ನ ಮಾತು ಬೀದಿಯವರೇ ಕೇಳಲ್ಲ," ಎಂದು ಅಕ್ಕ ಕುರ್ಚಿಯಲ್ಲಿ ಕೂತಿದ್ದಲ್ಲಿಂದಲೇ ನಗುತ್ತ, "ಕೂತ್ಕೋ ಮರಿ," ಎಂದಳು. ಕಂಬಳಿ ಅವಳನ್ನು ನೋಡಿತು. ಕೂರಲಿಲ್ಲ.

"ಕೂತ್ಕೋ," ಎಂದಳು ಮತ್ತೆ. ನಗು ನಿಂತಿತ್ತು.

ಅವಳು ಎದ್ದು ಬಂದು ಪಕ್ಕದಲ್ಲಿ ಮಂಡಿಯೂರಿದಳು. ಬಾಯಿ ತೆರೆಯುವ ಮೊದಲೇ ಕಂಬಳಿ ಕೂತುಬಿಟ್ಟಿತು. ತಂಗಿಯ ಕಿವಿ ಚುರುಕು. ಅವಳು ಹುಬ್ಬು ಗಂಟಿಕ್ಕಿ, "ಇನ್ನೊಂದ್ಸಲ ಏಳು," ಎಂದಳು. "ಈಗ ಮಂಡಿಯೂರು. ಮಾತಾಡಬೇಡ."

ಅಕ್ಕ ಊರಿದಳು. ಮೊಣಕಾಲು 'ಟಕ್' ಎಂದಿತು. ಕಂಬಳಿ ಕೂತಿತು.

ಹೋದ ವರ್ಷ ಸ್ಟೂಲಿನಿಂದ ಬಿದ್ದಾಗಿನಿಂದ ಆ ಕಾಲು ಹಾಗೆ ಸದ್ದು ಮಾಡುತ್ತಿತ್ತು. ಅವಳಿಗೆ ಅದು ಅಭ್ಯಾಸವಾಗಿ ಕೇಳಿಸುವುದೇ ನಿಂತುಹೋಗಿತ್ತು. ತಂಗಿ ನೆಲದ ಮೇಲೆ ಕೂತು, ಕಣ್ಣಲ್ಲಿ ನೀರು ಬರುವವರೆಗೆ ನಕ್ಕಳು. "ಇಪ್ಪತ್ತೆರಡು ವರ್ಷದ ವಿದ್ಯೆ ಅಕ್ಕಾ! ಗುರುವಿನ ಮಾತಿಗಲ್ಲ, ಗುರುವಿನ ಮೊಣಕಾಲಿಗೆ ಶಿಷ್ಯ!"

ಅಕ್ಕನೂ ನಕ್ಕಳು. ನಗುತ್ತಿದ್ದಂತೆಯೇ ಅವಳಿಗೆ ಅದರ ಅರ್ಥ ಹೊಳೆಯಿತು. ತಂಗಿಗೂ ಹೊಳೆದಿರಬೇಕು, ಯಾಕೆಂದರೆ ಅವಳ ನಗು ಇದ್ದಕ್ಕಿದ್ದಂತೆ ನಿಂತು, ದನಿ ಇಳಿಯಿತು.

"ಅವರು ಕೂತ್ಕೋ ಅಂದ್ರೆ ಇದು ಕೂರಲ್ಲ, ಅಲ್ವಾ?"

"ಎಂಟು ದಿನ ಇದೆ. ಕುರ್ಚೀಲಿ ಕೂತು ಹೇಳಿ ಅಭ್ಯಾಸ ಮಾಡಿಸಿದ್ರೆ ಮಾತಿಗೂ ಕೂರುತ್ತೆ."

"ಮಾಡಿಸ್ತೀಯಾ?"

ಅಕ್ಕ ಬಗ್ಗಿ ಕಂಬಳಿಯ ಕಿವಿ ಸವರತೊಡಗಿದಳು.

"ನೀನು ಸುಳ್ಳು ಹೇಳಬೇಕಾಗಿಲ್ಲ," ಎಂದಳು ತಂಗಿ. "ಸುಮ್ನಿದ್ರೆ ಸಾಕು. ಅವರೇ ಹೇಳಿದ್ದಾರೆ, ಕಲೀಲಿಲ್ಲ ಅಂದ್ರೆ ಇಟ್ಕೊಳಿ ಅಂತ. ನಾನು ಹೋದ ಮೇಲೆ ನೀನು ಗೋಡೆ ಜೊತೆ ಮಾತಾಡ್ತೀಯಾ? ನನಗೆ ಅಲ್ಲಿ ನೆಮ್ಮದಿ ಬೇಡ್ವಾ?"

ಆ ಎಂಟು ದಿನ ಅಕ್ಕ ಪಾಠ ಮಾಡಲಿಲ್ಲ. ನಾಳೆಯಿಂದ ಕುರ್ಚಿ ಅಭ್ಯಾಸ ಎಂದು ದಿನವೂ ಅಂದುಕೊಂಡಳು. ದಿನವೂ ಮೇಜಿಗೆ ಬಿಸಿಲು ಬಂದಾಗ ಬಾಚಣಿಗೆ ತೆಗೆದುಕೊಂಡಳು. ಬಿಡಿಸಲು ಒಂದು ಗಂಟೂ ಇರಲಿಲ್ಲ. ಆದರೂ ಬಾಚಿದಳು. ಹಣೆಯ ಕೂದಲನ್ನು ಒಟ್ಟುಮಾಡಿ ಕಣ್ಣಿಗೆ ಬೀಳದಂತೆ ಜುಟ್ಟು ಕಟ್ಟಿದಳು. ಹೊರಗೆ ಯಾರದೋ ಸೈಕಲ್ ಹೋಗುವುದು, ಎಲ್ಲೋ ಬಕೆಟ್ಟಿಗೆ ನೀರು ಬೀಳುವುದು, ಎಲ್ಲವೂ ಬಹಳ ದೂರದಿಂದ ಬರುತ್ತಿತ್ತು. ಈ ನಾಯಿ ನನ್ನದು ಎಂದು ಒಮ್ಮೆ ಮನಸ್ಸಿನಲ್ಲೇ ಹೇಳಿ ನೋಡಿದಳು. ಬಹಳ ಸುಖವಾಯಿತು. ಅದೇ ಸುಖಕ್ಕೆ ನಾಚಿಕೆಯೂ ಆಯಿತು.

ಹೇಳಿದ ದಿನ, ಹೇಳಿದ ಹೊತ್ತಿಗೆ ಸರಿಯಾಗಿ ಅವರು ಬಂದರು, ಗಡಿಯಾರದವರಲ್ಲವೇ. ಜೊತೆಗೆ ಮಗಳಿದ್ದಳು. ದಣಿದ ಮುಖದ, ಹೆಗಲ ಮೇಲೆ ಮಗುವಿನ ಟವೆಲ್ ಮರೆತು ಬಂದಿದ್ದ ಹೆಂಗಸು. ಕಂಬಳಿ ಒಳಗಿನ ಕೋಣೆಯಿಂದ ಬಂದದ್ದೇ ಅವರ ಕಾಲಿಗೆ ಮೈಯೆಲ್ಲ ಸುತ್ತಿಕೊಂಡಿತು. ಅವರು ಬೆರಳುಗಳನ್ನು ಅದರ ಕೂದಲಿನಲ್ಲಿ ಇಳಿಯಬಿಟ್ಟು, ಎಲ್ಲೂ ತಡೆಯದೆ ತುದಿಯವರೆಗೆ ಜಾರಿದ್ದಕ್ಕೆ ಅಕ್ಕನ ಮುಖ ನೋಡಿದರು.

"ಒಂದನ್ನೂ ಕತ್ತರಿಸಿಲ್ಲ," ಎಂದಳು ಅಕ್ಕ.

"ಎಷ್ಟು ಚೆನ್ನಾಗಿ ಕಾಣ್ತಿದೆ," ಎಂದಳು ಮಗಳು. "ಅಪ್ಪಾ, ಹೇಳಿ ನೋಡಿ. ನಾನು ನೋಡಬೇಕು."

ಅವರು ಎರಡು ಹೆಜ್ಜೆ ಹಿಂದೆ ಸರಿದು, ಗಂಟಲು ಸರಿಮಾಡಿಕೊಂಡು, "ಕೂತ್ಕೋ ಮರಿ," ಎಂದರು.

ಕಂಬಳಿ ಬಾಲ ಆಡಿಸುತ್ತ ನಿಂತಿತ್ತು.

"ಕೂತ್ಕೋ."

ತಂಗಿ ತೊಟ್ಟಿಯ ಹತ್ತಿರ ನಲ್ಲಿಯನ್ನು ಸುಮ್ಮನೆ ಬಿಗಿ ಮಾಡುತ್ತಿದ್ದಳು. ಅಕ್ಕ ಮೇಜಿನ ಅಂಚು ಹಿಡಿದು ನಿಂತಿದ್ದಳು. ಏನೂ ಮಾಡಬೇಕಾಗಿಲ್ಲ, ನಿಂತಿದ್ದರೆ ಸಾಕು.

ಅವರು ಮೂರನೆಯ ಸಲ ಹೇಳಿದರು. ನಾಲ್ಕನೆಯ ಸಲ ಹೇಳುವಾಗ ದನಿ ಸಣ್ಣದಾಯಿತು. ಮಗಳು ಅಪ್ಪನ ತೋಳು ಮುಟ್ಟಿ, "ಬಿಡಿ ಅಪ್ಪಾ. ಇಲ್ಲಿ ಚೆನ್ನಾಗಿರುತ್ತೆ. ಆಗಾಗ ಬಂದು ನೋಡಿದ್ರಾಯ್ತು," ಎಂದಳು. ಅವಳ ಮಾತಿನಲ್ಲಿ ಗೆದ್ದ ಸಂತೋಷವೇನೂ ಇರಲಿಲ್ಲ. ಅವರು ತಲೆ ಆಡಿಸಿದರು. ಆಮೇಲೆ ನಡುಗುವ ಕೈಯನ್ನು ಇನ್ನೊಂದು ಕೈಯಿಂದ ಹಿಡಿದುಕೊಂಡು, ಅಂಗಡಿ ಬಾಗಿಲು ಹಾಕಿದೆನೋ ಇಲ್ಲವೋ ಎಂದು ನೆನಪು ಮಾಡಿಕೊಳ್ಳುವವರ ಹಾಗೆ ಸುತ್ತ ನೋಡಿದರು.

"ತಪ್ಪು ಅದರದ್ದಲ್ಲ, ನಂದು," ಎಂದಳು ಅಕ್ಕ.

ನಲ್ಲಿಯ ಹತ್ತಿರ ತಂಗಿ ಕಣ್ಣು ಮುಚ್ಚಿಕೊಂಡಳು.

"ಅದು ಮಾತಿಗೆ ಕೂರಲ್ಲ. ನನ್ನ ಮೊಣಕಾಲಿನ ಸದ್ದಿಗೆ ಕೂರುತ್ತೆ. ಎಂಟು ದಿನದ ಹಿಂದೇನೇ ಗೊತ್ತಾಯ್ತು. ಸರಿ ಮಾಡಬಹುದಿತ್ತು, ಮಾಡ್ಲಿಲ್ಲ." ಯಾಕೆ ಎಂದು ಅವರು ಕೇಳಲಿಲ್ಲ. ಆದರೂ ಅವಳು ಹೇಳಿದಳು. "ಕಲೀಲಿಲ್ಲ ಅಂದ್ರೆ ನನ್ನ ಹತ್ರಾನೇ ಇರುತ್ತಲ್ಲ ಅಂತ."

ಕೋಣೆಯಲ್ಲಿ ಕೂದಲೆಳೆಗಳು ತೇಲುತ್ತಿದ್ದವು. ಅಕ್ಕ ಮುಂದೆ ಬಂದು ಕಂಬಳಿಯ ಪಕ್ಕದಲ್ಲಿ ಮಂಡಿಯೂರಿ ತೋರಿಸಿದಳು. ಟಕ್. ಕಂಬಳಿ ಕೂತು, ಕತ್ತೆತ್ತಿ, ತಲೆಯನ್ನು ಅವಳ ಕೈಕೆಳಗೆ ತಂದಿತು.

ಅವರು ಕತ್ತು ಓರೆ ಮಾಡಿ ಕೇಳಿಸಿಕೊಂಡಿದ್ದರು. ಯಾವುದೋ ಕೆಟ್ಟ ಗಡಿಯಾರವನ್ನು ಕಿವಿಗಿಟ್ಟುಕೊಂಡಾಗ ಹಾಗೆ ಮಾಡುತ್ತಿದ್ದರೇನೋ. "ಇನ್ನೊಂದ್ಸಲ ಮಾಡಿ," ಎಂದರು. ಅವಳು ಎದ್ದು ಮತ್ತೆ ಊರಿದಳು. ಅವರ ಮುಖದಲ್ಲಿ ನಗು ನಿಧಾನವಾಗಿ ಹರಡಿತು. ಒಳಜೇಬಿಗೆ ಕೈಹಾಕಿ, ಮುಚ್ಚಳವಿರುವ ಹಳೆಯ ಜೇಬುಗಡಿಯಾರವೊಂದನ್ನು ತೆಗೆದು, ತೆರೆದು, ಹೆಬ್ಬೆರಳಿನಿಂದ ಮುಚ್ಚಿದರು.

ಟಕ್.

ಕಂಬಳಿ ಅಕ್ಕನ ಕೈಕೆಳಗಿನಿಂದ ಎದ್ದು, ಅವರ ಬಳಿಗೆ ಹೋಗಿ, ಪಕ್ಕದಲ್ಲಿ ಕೂತು, ಕತ್ತೆತ್ತಿ, ತಲೆಯನ್ನು ಅವರ ಕೈಕೆಳಗೆ ಇಟ್ಟಿತು.

"ದಿನಾ ಕೊನೇ ಕೆಲಸ ಇದು ನಂದು," ಎಂದರು ಅವರು. "ಟೈಮ್ ನೋಡಿ ಇದನ್ನ ಮುಚ್ಚಿದೆ ಅಂದ್ರೆ ಅವತ್ತಿನ ಕೆಲಸ ಮುಗೀತು ಅಂತ. ಆಗ ಬಂದು ಪಕ್ಕದಲ್ಲಿ ಕೂರೋದು, ನಾನು ತಲೆ ಸವರೋದು. ನಾಲ್ಕು ವರ್ಷ. ಕಲಿಸಿದೆ ಅಂತ ನನಗೇ ಗೊತ್ತಿರಲಿಲ್ಲಮ್ಮ. ಅವತ್ತು ಇಲ್ಲಿಂದ ಹೋಗೋ ಮುಂಚೆ ಒಂದ್ಸಲ ಇದನ್ನ ಮುಚ್ಚಿದ್ರೆ ಸಾಕಿತ್ತು. ಆಸ್ಪತ್ರೆಗೆ ಹೋದಾಗಿಂದ ಇದಕ್ಕೆ ಕೀ ಕೊಡೋದೇ ಮರ್ತಿದ್ದೆ, ತೆಗೆದೇ ನೋಡಿರ್ಲಿಲ್ಲ."

ಮಗಳು ಗಡಿಯಾರ ಇಸಿದುಕೊಂಡು ತಾನೂ ಒಮ್ಮೆ ಮುಚ್ಚಿ ನೋಡಿದಳು. ಎದ್ದು ಅತ್ತಿತ್ತ ನೋಡಿದ ಕಂಬಳಿ ಅವಳ ಪಕ್ಕದಲ್ಲೂ ಕೂತಿತು. "ಹಾಗಾದ್ರೆ ಮನೇಲಿ ನನಗೂ ಒಂದು ಗಡಿಯಾರ ಮಾಡಿಕೊಡಿ ಅಪ್ಪಾ," ಎಂದಳು. ಅವಳು ನಕ್ಕಾಗ ದಣಿವೆಲ್ಲ ಹೋಗಿ ಚಿಕ್ಕ ಹುಡುಗಿಯಂತೆ ಕಂಡಳು. ನಾಯಿ ಮನೆಗೆ ಹೋಗುತ್ತದೆ ಎಂಬುದು ಅಲ್ಲಿಗೆ ತೀರ್ಮಾನವಾಯಿತು.

ಅಕ್ಕ ಇನ್ನೂ ನೆಲದ ಮೇಲೇ ಇದ್ದಳು. ನಾಯಿ ಹೋಗುತ್ತದೆ ಎನ್ನುವುದಕ್ಕೆ ಅವಳು ಮನಸ್ಸು ಗಟ್ಟಿಮಾಡಿಕೊಂಡೇ ಬಾಯಿ ತೆರೆದಿದ್ದಳು. ಇದಕ್ಕೆ ಮಾಡಿಕೊಂಡಿರಲಿಲ್ಲ. ಅಷ್ಟು ಮಧ್ಯಾಹ್ನ ಅದು ತನ್ನ ಕೈ ಹುಡುಕಿ ಬಂದದ್ದು ತನಗಾಗಿ ಎಂದುಕೊಂಡಿದ್ದಳು. ಅದಕ್ಕೆ ಕೇಳಿಸುತ್ತಿದ್ದದ್ದು ಅವರ ಮನೆ. ನೋವಾಯಿತು, ಈ ವಯಸ್ಸಿನಲ್ಲಿ ಒಂದು ಜೇಬುಗಡಿಯಾರದ ಮೇಲೆ ಹೊಟ್ಟೆಕಿಚ್ಚು ಪಡಬೇಕಾಯಿತಲ್ಲ ಎಂದು ನಗುವೂ ಬಂತು. ತಂಗಿ ಬಂದು ಒದ್ದೆ ಕೈ ಕೊಟ್ಟು ಅವಳನ್ನು ಎಬ್ಬಿಸಿದಳು.

"ಹೋಗ್ಲಿ ಬಿಡು," ಎಂದು ಕಿವಿಯಲ್ಲಿ ಹೇಳಿದಳು. "ಆ ತುದಿಯಿಂದ ದಿನಾ ಬಸ್ಸಿದೆ. ಡ್ರೈವರ್ ನಮ್ಮವನೇ."

ಅವರು ಹೊರಡಲು ನಾಯಿಯ ಪಟ್ಟಿ ಹಿಡಿದವರು, ಬಾಗಿಲ ಹತ್ತಿರ ನಿಂತು ಹಿಂದಕ್ಕೆ ತಿರುಗಿದರು. ತಮ್ಮ ಕೈಯನ್ನು ತಾವೇ ನೋಡಿಕೊಂಡರು.

"ಮತ್ತೆ ಕಂಬಳಿ ಆಗಿಬಿಡುತ್ತೆ," ಎಂದರು. "ಈ ಕೈಯಲ್ಲಿ ಹೇಗೆ ಬಾಚ್ಲಿ?"

"ಮೇಲಕ್ಕೆ ಹತ್ತಿಸಿ ಅದನ್ನ," ಎಂದಳು ಅಕ್ಕ.

ಕಂಬಳಿಯನ್ನು ಮೇಜಿನ ಮೇಲೆ ಮಲಗಿಸಿದರು. ಬಿಸಿಲು ಮೇಜಿನ ಅರ್ಧಕ್ಕೆ ಬಂದಿತ್ತು. ಅಕ್ಕ ತನ್ನ ಬಾಚಣಿಗೆಯನ್ನು ಅವರ ಬಲಗೈಗೆ ಕೊಟ್ಟು, ಮೇಲಿಂದ ಆ ಕೈಯನ್ನು ತನ್ನ ಕೈಯಲ್ಲಿ ಹಿಡಿದಳು. "ಎಡಗೈಯಲ್ಲಿ ಬುಡ ಹಿಡ್ಕೊಳಿ. ಗಟ್ಟಿಯಾಗಿ. ಬುಡ ನಿಮ್ಮ ಕೈಲಿದ್ರೆ ಎಷ್ಟು ನಡುಗಿದ್ರೂ ಅದಕ್ಕೆ ನೋಯಲ್ಲ. ಹೂಂ, ಈಗ ತುದಿಯಿಂದ."

ಮೊದಲ ಸಾಲಿನಲ್ಲಿ ಅವರ ನಡುಕ ಅವಳ ಅಂಗೈಗೆ ಪೂರ್ತಿ ತಿಳಿಯುತ್ತಿತ್ತು. ಎರಡನೆಯ ಸಾಲಿನಲ್ಲಿ ಸ್ವಲ್ಪ ಕಡಿಮೆಯಾಯಿತು. ಕಿವಿ ಮುಗಿಸಿ ಕತ್ತಿಗೆ ಬಂದರು, ಕತ್ತಿನಿಂದ ಹೆಗಲಿಗೆ. ಕಂಬಳಿ ಉದ್ದಕ್ಕೆ ಒಂದು ಉಸಿರು ಬಿಟ್ಟು, ಕಾಲುಗಳನ್ನು ಚಾಚಿ, ಕಣ್ಣು ಮುಚ್ಚಿತು. ಮಗಳು ಕುರ್ಚಿಯಲ್ಲಿ ಒರಗಿ ನಿದ್ದೆ ಹೋಗಿದ್ದಳು. ಬಾಚಣಿಗೆ ಒಂದೇ ಲಯದಲ್ಲಿ ಇಳಿಯತೊಡಗಿದಾಗ ಅಕ್ಕ ಮೊದಲು ಹೆಬ್ಬೆರಳು ಸಡಿಲಿಸಿದಳು, ಆಮೇಲೆ ಉಳಿದ ಬೆರಳು, ಆಮೇಲೆ ಅಂಗೈ.

ಅವಳು ಕೈ ತೆಗೆದದ್ದು ನಾಯಿಗೆ ಗೊತ್ತಾಗಲಿಲ್ಲ.